ಚೇಂಜಿಂಗ್ ರೂಮಿನ ಬೋರ್ಡ್ ಮೇಲೆ ಬರೆಯದ ನಿಯಮಗಳು

ಜಿಮ್‌ಗೆ ಸೇರಿದ ಮೊದಲ ದಿನ ಟ್ರೇನರ್ ಎಲ್ಲಾ ಹೇಳಿ ಕೊಡ್ತಾರೆ. ಸ್ಕ್ವಾಟ್ ಮಾಡುವಾಗ ಬೆನ್ನು ನೆಟ್ಟಗಿರಬೇಕು, ಬೆಂಚ್ ಪ್ರೆಸ್ ಮಾಡುವಾಗ ಹಿಂದೆ ಒಬ್ಬರು ನಿಂತಿರಬೇಕು, ಡಂಬೆಲ್ ತಗೊಂಡಲ್ಲೇ ವಾಪಸ್ ಇಡಬೇಕು. ಆದರೆ ವರ್ಕೌಟ್‌ಗಿಂತ ಮೊದಲು ಐದು ನಿಮಿಷ, ಆಮೇಲೆ ಹತ್ತು ನಿಮಿಷ ನಾವೆಲ್ಲ ಇರುವ ಒಂದು ಜಾಗದ ಬಗ್ಗೆ ಮಾತ್ರ ಯಾರೂ ಏನೂ ಹೇಳಲ್ಲ. ಅದು ಚೇಂಜಿಂಗ್ ರೂಮು.

ಇಬ್ರಾಹಿಂಪುರ ಸ್ಟೇಶನ್ ಕಡೆ ನಾನು ಹೋಗುವ ಜಿಮ್‌ನಲ್ಲಿ ಆ ರೂಮು ಎಂಟು ಅಡಿ ಉದ್ದ, ಆರು ಅಡಿ ಅಗಲ. ಗೋಡೆಗೆ ಒಂದಷ್ಟು ಮೊಳೆ, ಸಾಲು ಲಾಕರ್, ಒಂದು ಬೆಂಚು, ಒಂದು ಕನ್ನಡಿ, ಪಕ್ಕಕ್ಕೆ ಒಂದೇ ಬಾತ್‌ರೂಮು. ‘ನಿಮ್ಮ ವಸ್ತುಗಳಿಗೆ ನೀವೇ ಜವಾಬ್ದಾರರು’ ಅಂತ ಒಂದು ಬೋರ್ಡ್ ಇದೆ. ಇಡೀ ರೂಮಿಗೆ ಇರೋದು ಅದೊಂದೇ ನಿಯಮ. ಉಳಿದದ್ದನ್ನ ನಾವೇ ತಿಳ್ಕೋಬೇಕು, ಇಲ್ಲ ಬೈಸ್ಕೊಂಡು ಕಲೀಬೇಕು. ಕೆಲವೊಂದನ್ನ ನಾನು ಬೇರೆಯವರಿಗೆ ನೋವು ಮಾಡಿ ಕಲಿತೆ. ಅದನ್ನ ಮುಂದೆ ಹೇಳ್ತೀನಿ. ಮೊದಲು ಒಂದೊಂದು ನಿಯಮಕ್ಕೂ ಏನು ಕಾರಣ ಅಂತ ನೋಡೋಣ. ಕಾರಣ ಗೊತ್ತಾದರೆ ನಿಯಮ ತಾನಾಗಿ ನೆನಪಿರುತ್ತೆ.

ತಾಲೀಮಿನಲ್ಲಿ ಇದೆಲ್ಲ ಇತ್ತು

ನಮ್ಮ ಕಡೆ ಜಿಮ್ ಹೊಸದಿರಬಹುದು, ಮೈ ಪಳಗಿಸೋದು ಹೊಸದಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂತು ಅಂದ್ರೆ ವಿಜಯಪುರದಲ್ಲಿ ಕುಸ್ತಿ, ಭಾರ ಎತ್ತುವ ಸ್ಪರ್ಧೆ ಇದ್ದೇ ಇರುತ್ತೆ. ಅಲ್ಲಿಗೆ ಬರುವ ಪೈಲ್ವಾನರು ತಯಾರಾಗೋದು ತಾಲೀಮಿನಲ್ಲಿ. ಮೈಸೂರು ಕಡೆಯವರು ಅದನ್ನೇ ಗರಡಿಮನೆ ಅಂತಾರೆ. ಒಳಗೆ ಕೆಂಪು ಮಣ್ಣಿನ ಅಖಾಡ, ಗೋಡೆಯಲ್ಲಿ ಹನುಮಪ್ಪನ ಫೋಟೋ, ಹೇಳಿಕೊಡಲಿಕ್ಕೆ ವಸ್ತಾದರು.

ಚಪ್ಪಲಿ ಹೊರಗೆ ಬಿಡಬೇಕು. ಕಾಲು ತೊಳೆದು ಒಳಗೆ ಬರಬೇಕು. ಮಣ್ಣು ಮುಟ್ಟಿ ನಮಸ್ಕಾರ ಮಾಡಬೇಕು. ಒಳಗೆ ಉಗುಳಬಾರದು. ಮಣ್ಣಿಗೆ ಎಣ್ಣೆ, ಅರಿಶಿಣ, ಬೇವು, ಕರ್ಪೂರದಂಥವನ್ನ ಬೆರೆಸಿ ಹದ ಮಾಡ್ತಿದ್ದರು. ಇದೆಲ್ಲ ಬರೀ ಭಕ್ತಿ ಅಂತ ನಾನು ತಿಳಿದಿದ್ದೆ. ಭಕ್ತಿ ಹೌದು. ಜೊತೆಗೆ, ಹತ್ತಾರು ಜನ ಬರಿಮೈಯಲ್ಲಿ ಒಂದೇ ಮಣ್ಣಲ್ಲಿ ಹೊರಳಾಡುವ ಜಾಗವನ್ನ ಸ್ವಚ್ಛ ಇಡುವ ವ್ಯವಸ್ಥೆಯೂ ಹೌದು. ನಮ್ಮ ಓಣಿಯ ಕಾಕಾ ಒಬ್ಬರು ಚಿಕ್ಕಂದಿನಲ್ಲಿ ತಾಲೀಮಿಗೆ ಹೋಗ್ತಿದ್ದರು. ಅವರನ್ನ ಕೇಳಿದಾಗ ನಕ್ಕು ಹೇಳಿದರು: “ಕಾಲ ತೊಳೀಲಾರದ ಒಳಗ ಬಂದ್ರ ವಸ್ತಾದರು ಅವತ್ತ ಮಣ್ಣ ಮುಟ್ಟಾಕ ಬಿಡ್ತಿರಲಿಲ್ಲ. ಮೂಲ್ಯಾಗ ನಿಲ್ಲಸ್ತಿದ್ರು.”

ಜಿಮ್‌ಗೆ ಬಂದಾಗ ಮಶೀನ್ ಬಂತು, ಎಸಿ ಬಂತು, ವಸ್ತಾದರು ಮಾತ್ರ ಬರಲಿಲ್ಲ. ಟ್ರೇನರ್ ಇರೋದು ವರ್ಕೌಟ್‌ಗೆ. ಚೇಂಜಿಂಗ್ ರೂಮಿನಲ್ಲಿ ನಮಗೆ ನಾವೇ ವಸ್ತಾದರು.

ಒಂದು ಫಾರ್ಮುಲಾ

ಇಂಜಿನಿಯರಿಂಗ್ ಓದೋರಿಗೆ ಇದು ಖುಷಿಯಾಗುತ್ತೆ. 1961ರಲ್ಲಿ ಜಾನ್ ಲಿಟಲ್ ಅನ್ನುವವರು ಒಂದು ನಿಯಮವನ್ನ ಸಾಧಿಸಿ ತೋರಿಸಿದರು. ಅದಕ್ಕೆ ಲಿಟಲ್ಸ್ ಲಾ ಅಂತಾರೆ. ಒಂದು ಜಾಗದ ಒಳಗೆ ಸರಾಸರಿ ಎಷ್ಟು ಜನ ಇರ್ತಾರೆ ಅಂದ್ರೆ, ಬರುವವರ ವೇಗವನ್ನ ಒಬ್ಬೊಬ್ಬರು ಒಳಗೆ ಇರುವ ಸಮಯದಿಂದ ಗುಣಿಸಿದಷ್ಟು. ಬ್ಯಾಂಕಿನ ಕ್ಯೂ, ಆಸ್ಪತ್ರೆ, ಸರ್ವರ್, ಎಲ್ಲಾ ಕಡೆ ಇದೇ ಲೆಕ್ಕ.

ಸಂಜೆ ತಾಸಿಗೆ 30 ಜನ ಚೇಂಜಿಂಗ್ ರೂಮಿಗೆ ಬರ್ತಾರೆ ಅಂತ ಇಟ್ಕೊಳ್ಳಿ. ಒಬ್ಬೊಬ್ಬರು 10 ನಿಮಿಷ ಇದ್ದರೆ ಯಾವಾಗ ನೋಡಿದರೂ ಒಳಗೆ ಸುಮಾರು 5 ಜನ. ಅದೇ ಒಬ್ಬೊಬ್ಬರು ರೀಲ್ಸ್ ನೋಡುತ್ತಾ, ಕನ್ನಡಿ ಮುಂದೆ ಬೈಸೆಪ್ಸ್ ನೋಡ್ಕೋತಾ 20 ನಿಮಿಷ ಇದ್ದರೆ 10 ಜನ. ನಮ್ಮ ರೂಮು 48 ಚದರ ಅಡಿ. ಹತ್ತು ಜನ ಆದರೆ ಒಬ್ಬರಿಗೆ 5 ಚದರ ಅಡಿಯೂ ಸಿಗಲ್ಲ. ಒಂದು ಕೇರಂ ಬೋರ್ಡಿಗಿಂತ ಕಡಿಮೆ ಜಾಗದಲ್ಲಿ ನಿಂತು ಪ್ಯಾಂಟ್ ಬದಲಿಸಬೇಕು, ಅದೂ ಬೆಂಚು ಲಾಕರ್ ಹಿಡಿದ ಜಾಗ ಬಿಟ್ಟು.

ಅಂದರೆ ಆ ರೂಮಿನ ಇಕ್ಕಟ್ಟು ಕಟ್ಟಿದವರದಷ್ಟೇ ತಪ್ಪಲ್ಲ. ಅರ್ಧ ಇಕ್ಕಟ್ಟನ್ನ ನಾವೇ ಮಾಡ್ತೀವಿ. ಟ್ರ್ಯಾಕ್ ಪ್ಯಾಂಟ್ ಹಾಸ್ಟೆಲ್‌ನಿಂದಲೇ ಹಾಕ್ಕೊಂಡು ಬರೋದು, ಶೂ ಲೇಸ್ ಹೊರಗೆ ಕಟ್ಕೊಳ್ಳೋದು, ಬ್ಯಾಗನ್ನ ಬೆಂಚಿನ ಮೇಲೆ ಮಲಗಿಸದೆ ಲಾಕರ್‌ನಲ್ಲಿ ಇಡೋದು, ಫೋನ್ ಮಾತು ಮೆಟ್ಟಿಲ ಮೇಲೆ ಮುಗಿಸೋದು. ಇಷ್ಟು ಮಾಡಿದರೆ ಗೋಡೆ ಒಡೆಯದೆ ರೂಮು ದೊಡ್ಡದಾಗುತ್ತೆ.

ಲಾಕರ್ ವಿಷಯವೂ ಹಳೇದೇ. ಇಂಗ್ಲೆಂಡಿನ ಬಾತ್ ಊರಿನಲ್ಲಿ ರೋಮನ್ನರ ಕಾಲದ ಬಿಸಿನೀರಿನ ಸ್ನಾನದ ಮನೆ ಇದೆ. ಅಲ್ಲಿ ತೆಳ್ಳನೆ ಲೋಹದ ತಗಡಿನ ಮೇಲೆ ಕೊರೆದ ಸುಮಾರು 130 ಶಾಪದ ಬರಹಗಳು ಸಿಕ್ಕಿವೆ. ಹೆಚ್ಚಿನವು ಕಳ್ಳತನದ ದೂರು. ಸ್ನಾನಕ್ಕೆ ಹೋದಾಗ ಬಟ್ಟೆ ಕಳಕೊಂಡವರು ಕದ್ದವನಿಗೆ ಶಿಕ್ಷೆ ಕೊಡು ಅಂತ ಸುಲಿಸ್ ಮಿನರ್ವಾ ದೇವತೆಗೆ ಬರೆದು ನೀರಿಗೆ ಹಾಕಿದ್ದು. ಜನ ಬಟ್ಟೆ ಬಿಚ್ಚಿಟ್ಟು ಹೋಗುವ ಜಾಗದಲ್ಲಿ ಆವತ್ತಿಂದ ಈವತ್ತಿಗೂ ಅದೇ ಭಯ. ಆದ್ದರಿಂದ ಮಂದಿ ಲಾಕರ್ ಬಾಗಿಲು ತೆರೆದಿದ್ದರೂ ಒಳಗೆ ಇಣುಕಬಾರದು. ಮೊಳೆಗೆ ತೂಗಿದ ಬೇರೆಯವರ ಅಂಗಿಯನ್ನ ಸರಿಸಲೇಬೇಕಾದರೆ, “ಅಣ್ಣಾ, ಇದು ನಿಮ್ದಾ? ಸ್ವಲ್ಪ ಸರಸ್ತೀನ್ರಿ” ಅಂತ ಕೇಳಿ ಸರಿಸಬೇಕು.

ನೀರು ಮತ್ತು ನೆಲ

ವಿಜಯಪುರದವರಿಗೆ ನೀರಿನ ಬೆಲೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಜಿಮ್‌ನಲ್ಲಿ ಶವರ್ ಕಂಡ ಕೂಡಲೇ ನಮಗೆ ಮರೆತು ಹೋಗುತ್ತೆ. ಸಾಮಾನ್ಯ ಶವರ್‌ನಲ್ಲಿ ನಿಮಿಷಕ್ಕೆ 8ರಿಂದ 10 ಲೀಟರ್ ಹರಿಯುತ್ತೆ. ಹತ್ತು ಜನ ಹತ್ತತ್ತು ನಿಮಿಷ ನಿಂತರೆ ಮೇಲಿನ 1000 ಲೀಟರ್ ಟ್ಯಾಂಕ್ ಖಾಲಿ. ಅದೇ ಹತ್ತು ಜನ ಒಂದೊಂದು ಬಕೆಟ್‌ನಲ್ಲಿ ಸ್ನಾನ ಮಾಡಿದರೆ 200 ಲೀಟರ್. ಸಂಜೆ ಕೊನೆಗೆ ಬರೋನು ಸೋಪ್ ಹಚ್ಕೊಂಡು ನಿಂತಾಗ ನಳ ಬಂದ್ ಆದರೆ, ಅವನ ಬೈಗುಳ ನಮಗೇ ಸೇರಬೇಕು.

ಸ್ನಾನ ಮುಗಿಸಿ ಮೈ ಒರೆಸ್ಕೊಳ್ಳೋದು ಬಾತ್‌ರೂಮಿನ ಒಳಗೇ ಆಗಬೇಕು. ತೊಟ್ಟಿಕ್ಕುತ್ತಾ ಹೊರಗೆ ಬಂದರೆ ಟೈಲ್ಸ್ ಮೇಲೆ ಇನ್ನೊಬ್ಬರು ಜಾರ್ತಾರೆ, ಅವರ ಸಾಕ್ಸ್ ಒದ್ದೆಯಾಗುತ್ತೆ. ಶಾಂಪೂ ಪಾಕೀಟು, ಬ್ಲೇಡು, ಜಾಲಿಗೆ ಸಿಕ್ಕ ಕೂದಲು, ಇವನ್ನ ತೆಗೆಯೋರು ಬೆಳಿಗ್ಗೆ ಕಸ ಹೊಡೆಯಲಿಕ್ಕೆ ಬರುವ ಆಯಿ. ಅವರ ಮುಖ ನಾವು ನೋಡಿರಲ್ಲ, ಆದರೆ ನಮ್ಮ ಬ್ಲೇಡ್ ಅವರ ಬೆರಳು ನೋಡುತ್ತೆ. ಬ್ಲೇಡನ್ನ ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಲಿಕ್ಕೆ ಹತ್ತು ಸೆಕೆಂಡ್ ಸಾಕು.

ಇನ್ನು ಡಿಯೋ. ಬೆವರಿಗೆ ತಾನಾಗಿ ಹೆಚ್ಚು ವಾಸನೆ ಇಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನ ಒಡೆದಾಗ ನಾತ ಬರುತ್ತೆ. ಅಂದ್ರೆ ವಾಸನೆಗೆ ಔಷಧಿ ತೊಳೆಯೋದು, ಮುಚ್ಚೋದಲ್ಲ. ಕಿಟಕಿ ಇಲ್ಲದ ರೂಮಿನಲ್ಲಿ ಅರ್ಧ ಕ್ಯಾನ್ ಹೊಡೆದರೆ ಪಕ್ಕದಲ್ಲಿ ನಿಂತ ಆಸ್ತಮಾ ಇದ್ದವರಿಗೆ ಉಸಿರು ಹಿಡಿಯುತ್ತೆ. ಹಚ್ಚೋ ಡಿಯೋ ಇದ್ದರೆ ಒಳ್ಳೇದು, ಸ್ಪ್ರೇ ಆದರೆ ಹೊರಗೆ ಹೋಗಿ ಹೊಡೀರಿ.

ಯಾವುದು ಹರಡುತ್ತೆ, ಯಾವುದು ಹರಡಲ್ಲ

ಈ ಭಾಗವನ್ನ ದಯವಿಟ್ಟು ಬಿಡದೆ ಓದಿ.

ಜಿಮ್‌ನಲ್ಲಿ ಹರಡುವ ಮುಖ್ಯ ಚರ್ಮರೋಗ ಗಜಕರ್ಣ. ಕೆಲವರು ಹುಳುಕಡ್ಡಿ ಅಂತಾರೆ, ಇಂಗ್ಲಿಷಿನಲ್ಲಿ ರಿಂಗ್‌ವರ್ಮ್. ಹೆಸರಲ್ಲಿ ಹುಳ ಇದ್ದರೂ ಅದು ಹುಳ ಅಲ್ಲ, ಶಿಲೀಂಧ್ರ, ಅಂದ್ರೆ ಫಂಗಸ್. ದುಂಡಗೆ ಕೆಂಪು ಅಂಚು, ಜೀವ ತಿನ್ನುವಂಥ ತುರಿಕೆ. ತೊಡೆ ಸಂದು, ಕಂಕುಳು, ಕಾಲ್ಬೆರಳ ನಡುವೆ, ಎಲ್ಲಿ ಬಿಸಿ ಮತ್ತು ಹಸಿ ಇರುತ್ತೋ ಅಲ್ಲಿ ಬೆಳೆಯುತ್ತೆ. ಒಬ್ಬರ ಟವೆಲ್, ಚಡ್ಡಿ, ಸಾಕ್ಸ್ ಇನ್ನೊಬ್ಬರು ಬಳಸಿದರೆ ದಾಟಿ ಬರುತ್ತೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಓಡಾಡಿದರೂ ಬರಬಹುದು. ಕುಸ್ತಿಪಟುಗಳಲ್ಲಿ ಇದು ಎಷ್ಟು ಸಾಮಾನ್ಯ ಅಂದ್ರೆ ಅವರ ಗಜಕರ್ಣಕ್ಕೆ ವೈದ್ಯರು ಬೇರೆ ಹೆಸರನ್ನೇ ಇಟ್ಟಿದ್ದಾರೆ: ಟಿನಿಯಾ ಗ್ಲಾಡಿಯೇಟೋರಮ್.

ಬಂದಾಗ ನಾವು ಮಾಡುವ ತಪ್ಪು ಇನ್ನೊಂದು. ನಾಚಿಕೆಗೆ ಡಾಕ್ಟರ್ ಹತ್ತಿರ ಹೋಗದೆ ಔಷಧಿ ಅಂಗಡಿಯಲ್ಲಿ ‘ತುರಿಕೆ ಕ್ರೀಮ್ ಕೊಡ್ರಿ’ ಅಂತೀವಿ. ಅಂಥ ಎಷ್ಟೋ ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಸೇರಿರುತ್ತೆ. ಎರಡು ದಿನದಲ್ಲಿ ತುರಿಕೆ ಇಳಿದು ವಾಸಿಯಾಯ್ತು ಅನ್ಸುತ್ತೆ. ಆದರೆ ಸ್ಟೀರಾಯ್ಡ್ ಚರ್ಮದ ರಕ್ಷಣೆಯನ್ನೇ ತಗ್ಗಿಸೋದರಿಂದ ಫಂಗಸ್ ಆರಾಮಾಗಿ ಹರಡುತ್ತೆ, ಬಿಟ್ಟ ಕೂಡಲೇ ದುಪ್ಪಟ್ಟಾಗಿ ಬರುತ್ತೆ. ಚರ್ಮದ ಡಾಕ್ಟರಿಗೆ ತೋರಿಸಿ, ಹೇಳಿದಷ್ಟು ವಾರ ಪೂರ್ತಿ ಔಷಧಿ ತಗೊಳ್ಳೋದೇ ದಾರಿ.

ತಡೆಯಲಿಕ್ಕೆ ಖರ್ಚೇನೂ ಇಲ್ಲ. ಸ್ವಂತ ಟವೆಲ್ ಎರಡು ಇರಲಿ, ಒಂದು ಮೈಗೆ, ಒಂದು ಮಶೀನ್ ಸೀಟಿಗೆ. ಒಳಗೆ ರಬ್ಬರ್ ಚಪ್ಪಲಿ. ಕಾಲ್ಬೆರಳ ಸಂದು ಒಣಗಿಸಿ ಸಾಕ್ಸ್ ಹಾಕೋದು. ಒದ್ದೆ ಬಟ್ಟೆಯನ್ನ ಲಾಕರ್‌ನಲ್ಲಿ ಬಿಟ್ಟು ಹೋಗದಿರೋದು. ಟವೆಲನ್ನ ದಿನಾ ತೊಳೆದು ಬಿಸಿಲಿಗೆ ಹಾಕೋದು. ನಮ್ಮೂರಲ್ಲಿ ಬಿಸಿಲಿಗೆ ಬರ ಇಲ್ಲ.

ಈಗ ಹರಡದೇ ಇರೋದು. ತೊನ್ನು ಹರಡಲ್ಲ. ದೇಹದ ರೋಗನಿರೋಧಕ ವ್ಯವಸ್ಥೆ ತಪ್ಪಾಗಿ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನೇ ಹೊಡೆದಾಗ ಅಲ್ಲಲ್ಲಿ ಬಿಳಿ ಮಚ್ಚೆ ಬರುತ್ತೆ, ಅಷ್ಟೇ. ಮುಟ್ಟಿದರೆ ಬರಲ್ಲ, ಒಂದೇ ಬೆಂಚಿನಲ್ಲಿ ಕೂತರೆ ಬರಲ್ಲ, ಅವರ ಟವೆಲ್ ತಾಗಿದರೂ ಬರಲ್ಲ. ಅದರ ಬಗ್ಗೆ ತಿಳುವಳಿಕೆ ಕೊಡಲಿಕ್ಕೆ ಜೂನ್ 25ನ್ನ ವಿಶ್ವ ತೊನ್ನು ದಿನ ಅಂತ ಆಚರಿಸ್ತಾರೆ. ಸೋರಿಯಾಸಿಸ್ ಹರಡಲ್ಲ. ಮೊಡವೆ, ಸುಟ್ಟ ಕಲೆ, ಆಪರೇಶನ್ ಗಾಯದ ಗುರುತು, ಯಾವುದೂ ಹರಡಲ್ಲ.

ಈಗ ನಮ್ಮ ರೂಮು ನೆನಪಿಸ್ಕೊಳ್ಳಿ. ಗಜಕರ್ಣ ಇದ್ದ ದೋಸ್ತನ ಟವೆಲನ್ನ ‘ಕೊಡಲೇ ಇಲ್ಲಿ’ ಅಂತ ಕಸಕೊಂಡು ಮುಖ ಒರೆಸ್ಕೋತೀವಿ. ತೊನ್ನು ಇದ್ದವರಿಂದ ಒಂದು ಹೆಜ್ಜೆ ದೂರ ಸರೀತೀವಿ.

ಫೋನು

ಹೋದ ವರ್ಷ ನಮ್ಮ ಜಿಮ್‌ಗೆ ತಿಕೋಟಾ ಕಡೆಯ ಒಬ್ಬ ಹುಡುಗ ಬರ್ತಿದ್ದ. ನಮ್ಮ ಬ್ಯಾಚೇ. ಬೆನ್ನ ಮೇಲೆ, ಭುಜದ ಹತ್ತಿರ ಬಿಳಿ ಮಚ್ಚೆ ಇತ್ತು. ಯಾವಾಗಲೂ ಫುಲ್ ಟೀ ಶರ್ಟ್ ಹಾಕ್ಕೊಂಡೇ ವರ್ಕೌಟ್ ಮಾಡ್ತಿದ್ದ. ಒಂದು ದಿನ ಅವನು ಗೋಡೆ ಕಡೆ ಮುಖ ಮಾಡಿ ಅಂಗಿ ಬದಲಿಸುವಾಗ ಒಬ್ಬ ಫೋಟೋ ತೆಗೆದು ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದ, ಕೆಳಗೆ ‘ಇಂಡಿಯಾ ಮ್ಯಾಪ್’ ಅಂತ ಬರೆದ. ಹದಿನಾಲ್ಕು ಜನ ನಗುವ ಇಮೋಜಿ ಹಾಕಿದರು. ಅದರಲ್ಲಿ ಒಂದು ನಂದು.

ಆ ಗ್ರೂಪಿನಲ್ಲಿ ಅವನೂ ಇದ್ದ. ಮಾರನೇ ದಿನದಿಂದ ಜಿಮ್‌ಗೆ ಬರಲಿಲ್ಲ.

ಕಾನೂನು ಏನು ಹೇಳುತ್ತೆ ಅಂತ ಆಮೇಲೆ ಓದಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ 66ಇ ಅನ್ನುವ ಕಲಂ ಸೇರಿತು. ಒಬ್ಬರ ಗುಪ್ತಾಂಗದ ಭಾಗವನ್ನ, ಅದು ಒಳಉಡುಪಿನಲ್ಲಿ ಇದ್ದರೂ ಸರಿ, ಅವರ ಒಪ್ಪಿಗೆ ಇಲ್ಲದೆ ಖಾಸಗಿ ಜಾಗದಲ್ಲಿ ಚಿತ್ರ ತೆಗೆದರೆ, ಹಾಕಿದರೆ, ಕಳಿಸಿದರೆ ಮೂರು ವರ್ಷದವರೆಗೆ ಜೈಲು, ಇಲ್ಲ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಇದು ಗಂಡು ಹೆಣ್ಣು ಇಬ್ಬರಿಗೂ ಅನ್ವಯ. ಹೆಣ್ಣುಮಕ್ಕಳ ಖಾಸಗಿ ಕ್ಷಣವನ್ನ ಕದ್ದು ನೋಡೋದು, ಚಿತ್ರ ತೆಗೆಯೋದು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಕೆಳಗೆ ಬೇರೆ ಅಪರಾಧ. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 2016ರಲ್ಲಿ ಒಬ್ಬ ಮಾಡೆಲ್ ಜಿಮ್‌ನ ಲಾಕರ್ ರೂಮಿನಲ್ಲಿದ್ದ 70 ವರ್ಷದ ಅಜ್ಜಿಯ ಫೋಟೋ ತೆಗೆದು ಅಣಕಿಸಿ ಹಾಕಿದಳು. ಕೇಸ್ ಆಯ್ತು. ಗೋಡೆ ಬರಹ ಅಳಿಸುವ ಕೆಲಸವನ್ನ 30 ದಿನ ಮಾಡುವ ಶಿಕ್ಷೆ ಬಿತ್ತು.

ನಮ್ಮ ಗ್ರೂಪಿನ ಫೋಟೋದಲ್ಲಿ ಇದ್ದಿದ್ದು ಬರೀ ಬೆನ್ನು. 66ಇ ಹೇಳುವ ಭಾಗ ಅದಲ್ಲ. ಇದನ್ನ ಓದಿದಾಗ ಒಂದು ಕ್ಷಣ ನನಗೆ ಸಮಾಧಾನ ಆಯ್ತು. ಆಮೇಲೆ ಆ ಸಮಾಧಾನದ ಬಗ್ಗೆಯೇ ನಾಚಿಕೆ ಆಯ್ತು. ಕಾನೂನು ಒಂದು ಗೆರೆ ಹಾಕಿ ನಿಲ್ಲುತ್ತೆ. ಗೆರೆಯ ಈಚೆಗೂ ಒಬ್ಬ ಹುಡುಗ ಜಿಮ್ ಬಿಡುವಷ್ಟು ನೋವು ಮಾಡಬಹುದು.

ಆದ್ದರಿಂದ ಫೋನಿನ ನಿಯಮ ಸರಳ. ಚೇಂಜಿಂಗ್ ರೂಮಿನ ಬಾಗಿಲು ದಾಟುವಾಗ ಫೋನು ಬ್ಯಾಗಿನಲ್ಲಿ. ‘ನಾ ಬರೇ ಮೆಸೇಜ್ ನೋಡಾಕತ್ತೀನಿ’ ಅಂತ ನಿಮಗೆ ಗೊತ್ತು, ಎದುರಿಗೆ ಅರ್ಧ ಬಟ್ಟೆಯಲ್ಲಿ ನಿಂತವನಿಗೆ ಕಾಣೋದು ತನ್ನ ಕಡೆ ತಿರುಗಿದ ಕ್ಯಾಮೆರಾ ಮಾತ್ರ. ಸೆಲ್ಫಿಗೆ ಹೊರಗೆ ದೊಡ್ಡ ಕನ್ನಡಿ ಇದೆ. ಯಾರಾದರೂ ಅಂಥ ಫೋಟೋ ಕಳಿಸಿದರೆ ‘ಡಿಲೀಟ್ ಮಾಡಲೇ’ ಅಂತ ಮೊದಲು ಬರೆಯೋನು ಒಬ್ಬ ಬೇಕು. ಆ ದಿನ ಹದಿನಾಲ್ಕರಲ್ಲಿ ಒಬ್ಬ ಬರೆದಿದ್ದರೂ ಸಾಕಿತ್ತು.

ಲೇಡೀಸ್ ಬ್ಯಾಚಿಗೆ ಹೋಗುವ ಕ್ಲಾಸ್‌ಮೇಟ್ ಒಬ್ಬಳನ್ನ ಈ ಬಗ್ಗೆ ಕೇಳಿದೆ. “ನಾವು ಒಳಗ ಹೋದ ಕೂಡಲೇ ಮೊದಲ ನೋಡೋದು ಕೊಂಡಿ, ಆಮೇಲೆ ನಾಕೂ ಮೂಲಿ. ಬಟ್ಟಿ ಬದಲಿಸೋದು ಕಡೀಗೆ” ಅಂದಳು. ಹಲವು ಜಿಮ್‌ಗಳಲ್ಲಿ ಅದೇ ರೂಮನ್ನ ಹೊತ್ತು ಬದಲಿಸಿ ಇಬ್ಬರೂ ಬಳಸ್ತಾರೆ. ಅವರ ಟೈಮ್ ಮುಗಿಯೋಕೆ ಹತ್ತು ನಿಮಿಷ ಇರುವಾಗಲೇ ನಾವು ಹೋಗಿ ಬಾಗಿಲ ಎದುರು ನಿಂತರೆ, ಒಳಗಿದ್ದವರಿಗೆ ಆ ಹತ್ತು ನಿಮಿಷವೂ ಇಲ್ಲ. ಕೆಳಗೆ ಚಹಾ ಅಂಗಡಿ ಇದೆ, ಅಲ್ಲಿ ಕಾಯಬಹುದು.

ಕಣ್ಣು ಮತ್ತು ಮಾತು

ಅಂಗಿ ತೆಗೆದಾಗ ಮೈ ಮಾತ್ರ ಕಾಣಲ್ಲ. ಜನಿವಾರ ಕಾಣುತ್ತೆ, ಲಿಂಗದ ಕರಡಿಗೆ ಕಾಣುತ್ತೆ, ತೋಳಿನ ತಾಯತ ಕಾಣುತ್ತೆ, ಕೊರಳ ಶಿಲುಬೆ ಕಾಣುತ್ತೆ, ಹಚ್ಚೆ ಹಾಕಿಸಿದ ಹೆಸರು ಕಾಣುತ್ತೆ. ಕ್ಲಾಸಿನಲ್ಲಿ ವರ್ಷಗಟ್ಟಲೆ ಜೊತೆಗೆ ಕೂತವನ ಮನೆತನದ ವಿಷಯ ಇಲ್ಲಿ ಅರ್ಧ ನಿಮಿಷದಲ್ಲಿ ತಿಳಿಯುತ್ತೆ. ಅದರ ಮೇಲೆ ಪ್ರಶ್ನೆ ಕೇಳದೇ ಇರೋದು, ಹೊರಗೆ ಬಂದು ಅವನನ್ನ ಬೇರೆ ಥರ ನೋಡದೇ ಇರೋದು ಈ ರೂಮಿನ ದೊಡ್ಡ ಮರ್ಯಾದೆ ಅಂತ ನನಗೆ ಅನ್ಸುತ್ತೆ.

‘ಎಷ್ಟ ಬಡಕ ಆಗಿಯಲೇ’, ‘ಹೊಟ್ಟಿ ನೋಡ ಮಗಂದು’ ಅನ್ನೋದು ಹಾಸ್ಟೆಲ್‌ನಲ್ಲಿ ದೋಸ್ತಿ ಮಾತಿರಬಹುದು. ಆದರೆ ಜಿಮ್‌ಗೆ ಬಂದವನು ಅದನ್ನೇ ಬದಲಿಸಲಿಕ್ಕೆ ರೊಕ್ಕ ಕಟ್ಟಿ ಬಂದಿರ್ತಾನೆ. ವಯಸ್ಸಾದವರೂ ಬರ್ತಾರೆ. ಅವರಿಗೆ ಬೆಂಚು ಬಿಟ್ಟು ಕೊಟ್ಟರೆ ಕೂತು ಪ್ಯಾಂಟ್ ಹಾಕ್ಕೋತಾರೆ. ನಾಚಿಕೆ ಇದ್ದವರು ಲುಂಗಿ ತಂದುಕೊಳ್ಳಿ. ಲುಂಗಿ ಅನ್ನೋದು ನಮ್ಮ ಹಿರಿಯರ ಪೋರ್ಟಬಲ್ ಚೇಂಜಿಂಗ್ ರೂಮು, ಕೆರೆ ದಂಡೆಯಿಂದ ರೈಲಿನವರೆಗೆ ಎಲ್ಲಾ ಕಡೆ ಕೆಲಸ ಮಾಡಿದೆ. ಯಾರಾದರೂ ಲುಂಗಿ ಉಟ್ಟು ಬದಲಿಸಿದರೆ ನಗಬೇಡಿ. ಹಂಗೇ ಯಾರಾದರೂ ಸಂಕೋಚ ಇಲ್ಲದೆ ಬದಲಿಸಿದರೆ ಅದನ್ನೂ ಎತ್ತಿ ಆಡಬೇಡಿ. ಬಾಗಿಲನ್ನ ಪೂರ್ತಿ ತೆರೆಯದೆ ಅಗತ್ಯ ಇದ್ದಷ್ಟು ತೆರೆದು ಹೊರಗೆ ಬನ್ನಿ, ನಮ್ಮ ಜಿಮ್‌ನಲ್ಲಿ ಆ ಬಾಗಿಲ ನೇರಕ್ಕೇ ಟ್ರೆಡ್‌ಮಿಲ್ ಇದೆ.

ಆ ಹುಡುಗನ ವಿಷಯ. ಮೂರು ತಿಂಗಳ ಮೇಲೆ ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಸಿಕ್ಕ. ತಪ್ಪಾಯ್ತು ಅಂದೆ. ಇಂಗ್ಲಿಷಿನಲ್ಲಿ ಸಾರಿ ಅನ್ನೋದು ಸುಲಭ ಇತ್ತು, ಅದಕ್ಕೇ ಕನ್ನಡದಲ್ಲಿ ಹೇಳಿದೆ. ಅವನು ಫೈಲ್‌ನಿಂದ ಕಬ್ಬಿಣ ತಿಕ್ಕುತ್ತಲೇ ಇದ್ದ. “ಇರ್ಲಿ ಬಿಡೋ,” ಅಂದ. ಸ್ವಲ್ಪ ಹೊತ್ತು ಬಿಟ್ಟು, “ಅಪ್ಪಗ ಹೇಳಿ ಮೂರ ತಿಂಗಳ ರೊಕ್ಕ ಒಮ್ಮೆ ಕಟ್ಟಿದ್ದೆ. ಹತ್ತ ದಿನ ಬಂದೆ ನೋಡ,” ಅಂದ.

ಈ ಸೆಮಿಸ್ಟರ್‌ನಲ್ಲಿ ಅವನು ಮತ್ತೆ ಸೇರಿದ್ದಾನೆ, ಬೆಳಿಗ್ಗೆ ಐದೂವರೆ ಬ್ಯಾಚು. ಆ ಹೊತ್ತಿಗೆ ಮಂದಿ ಕಡಿಮೆ. ನಾನೂ ಅದೇ ಹೊತ್ತಿಗೆ ಹೋಗ್ತೀನಿ. ಅವನು ಇನ್ನೂ ಗೋಡೆ ಕಡೆ ಮುಖ ಮಾಡೇ ಅಂಗಿ ಬದಲಿಸ್ತಾನೆ. ನಾನು ಫೋನ್ ಲಾಕರ್‌ನಲ್ಲಿಟ್ಟು, ಶೂ ಎತ್ತಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಲೇಸ್ ಕಟ್ಕೋತೀನಿ.